ಕಬ್ಬಿಣದ ತೂಕ ಹೆಚ್ಚಾದ ಮಳೆಗಾಲ

ಹೋದ ವಾರ ಖಾನಾಪುರದಲ್ಲಿ ಒಂದು ತಗಡಿನ ಶೆಡ್ಡಿನ ಬಾಗಿಲು ತೆಗೆಸಿದೆ. ಮಳೆಗಾಲ ಮುಗಿದು ನಾಲ್ಕೈದು ದಿನ ಬಿಸಿಲು ಬಿದ್ದಿತ್ತು. ಬಾಗಿಲು ತೆಗೆದ ಕೂಡಲೇ ಮೂಗಿಗೆ ಬಡಿದದ್ದು ಹಸಿ ಕಬ್ಬಿಣದ ವಾಸನೆ. ತುಟಿ ಒಡೆದು ರಕ್ತ ನಾಲಿಗೆಗೆ ತಾಗಿದಾಗ ಬಾಯಲ್ಲಿ ಏನು ಅನಿಸುತ್ತದೆಯೋ ಹೆಚ್ಚುಕಡಿಮೆ ಅದೇ. ಒಳಗೆ ಬೋರಿಂಗ್ ಗುಡ್ಡೆ ಹಾಕಿತ್ತು. ಲೇಥ್ ಮಶೀನಿನಲ್ಲಿ ಕಬ್ಬಿಣ ಕೆತ್ತುವಾಗ ಉದುರುವ ಸಣ್ಣ ಸಣ್ಣ ಚೂರು, ಸುರುಳಿಗಳಿಗೆ ನಮ್ಮ ಫೌಂಡ್ರಿಗಳಲ್ಲಿ ಬೋರಿಂಗ್ ಎನ್ನುತ್ತಾರೆ. ಅದನ್ನು ಅಗ್ಗಕ್ಕೆ ಕೊಂಡು, ಮತ್ತೆ ಕರಗಿಸಿ ಎರಕ ಹೊಯ್ಯುತ್ತಾರೆ. ಬೇಸಿಗೆಯಲ್ಲಿ ಬೂದುಬಣ್ಣಕ್ಕಿದ್ದ ಗುಡ್ಡೆ ಈಗ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು.

ಮಾಲನ್ನು ಎರಡು ದಿನ ಬಿಸಿಲಿಗೆ ಒಣಗಿಸಿದ ಮೇಲೆ ಮೊದಲನೇ ಲಾರಿಯ ಡ್ರೈವರ್ ಕಾಟಾದಲ್ಲಿ, ಅಂದರೆ ಲಾರಿ ತೂಗುವ ಜಾಗದಲ್ಲಿ, ತೂಕ ಮಾಡಿಸಿಕೊಂಡು ಬಂದ. ಮುಖದ ತುಂಬ ನಗು.

“ಮೇಡಮ್ಮಾರ, ಪೇಢೆ ತರಸ್ರಿ. ಬ್ಯಾಸಗ್ಯಾಗ ಇಟ್ಟದ್ದಕ್ಕಿಂತ ತೂಕ ಹೆಚ್ಚ ಬಂದೈತಿ!”

ನನಗೆ ಮೈ ಉರಿದುಹೋಯಿತು. ಪಾಪ, ಅವನದೇನೂ ತಪ್ಪಿಲ್ಲ. ಇದೇ ಮಾತನ್ನು, ಇದೇ ಊರಿನ ಶೆಡ್ಡಿನ ಮಾಲಿಗೆ, ಇಂಥದೇ ನಗುಮುಖದಿಂದ ನಾನೇ ಒಮ್ಮೆ ಹೇಳಿದ್ದೆ. ಹನ್ನೊಂದು ವರ್ಷ ಆಯಿತು.

ಆ ವರ್ಷ ನಾನು ಬಿ.ಎಸ್ಸಿ. ಮುಗಿಸಿ ಬೆಳಗಾವಿಯ ಉದ್ಯಮಬಾಗಿನ ಒಂದು ಫೌಂಡ್ರಿಯಲ್ಲಿ ಲ್ಯಾಬ್ ಕೆಲಸಕ್ಕೆ ಸೇರಿದ್ದೆ. ಲ್ಯಾಬ್ ಎಂದರೆ ದೊಡ್ಡದೇನಲ್ಲ. ಒಂದು ಮೇಜು, ಒಂದು ಸೂಕ್ಷ್ಮ ತಕ್ಕಡಿ, ಕಿಟಕಿ ತೆಗೆದರೆ ಒಳಗೆ ಬರುವ ಮಸಿ. ಒಂದು ವರ್ಷ ಕೆಲಸ ನೋಡಿ ಕಾಯಂ ಮಾಡುತ್ತೇವೆ ಎಂದಿದ್ದರು. ಇಡೀ ಕಾರ್ಖಾನೆಯಲ್ಲಿ ಹೆಂಗಸು ನಾನೊಬ್ಬಳೇ. ಹೆಸರು ಸುಜಾತಾ ಆದರೂ ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಎಲ್ಲರಿಗೂ ನಾನು ಬಾಯಾರು, ಅಂದರೆ ಮೇಡಂ.

ನಮ್ಮ ಮನೆ ಖಾನಾಪುರದಲ್ಲಿ. ದಿನಾ ಬೆಳಿಗ್ಗೆ ನಂದಗಡದಿಂದ ಬರುವ ಬಸ್ಸು ಹತ್ತುತ್ತಿದ್ದೆ. ಆ ಬಸ್ಸಿನಲ್ಲಿ ನಂದಗಡದಿಂದಲೇ ಕುಳಿತು ಬರುತ್ತಿದ್ದವರು ಯಲ್ಲಪ್ಪ ಕಾಕಾ. ನಮ್ಮ ಫೌಂಡ್ರಿಯಲ್ಲಿ ಕಬ್ಬಿಣ ಕರಗಿಸುವ ಭಟ್ಟಿ ನೋಡಿಕೊಳ್ಳುವವರು. ವಯಸ್ಸು ಐವತ್ತು ದಾಟಿತ್ತು. ಬೆಂಕಿಯ ಮುಂದೆ ಇಪ್ಪತ್ತೈದು ವರ್ಷ ನಿಂತು ಹುಬ್ಬಿನ ಕೂದಲು ಅರ್ಧ ಹೋಗಿತ್ತು. ನಾನು ಹತ್ತುವಷ್ಟರಲ್ಲಿ ಪಕ್ಕದ ಸೀಟಿನ ಮೇಲೆ ಅವರ ಟವೆಲ್ ಬಿದ್ದಿರುತ್ತಿತ್ತು. ಯಾರಾದರೂ ಕೂರಲು ಬಂದರೆ, “ನಮ್ಮ ಬಾಯಾರ ಬರೂದೈತ್ರಿ” ಎಂದು ಎಬ್ಬಿಸುತ್ತಿದ್ದರು.

ಸಂಜೆ ವಾಪಸು ಬರುವಾಗ ಅವರದು ಇನ್ನೊಂದು ಕೆಲಸ. ನಾವು ಜೈನರು, ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕು. ಚಾತುರ್ಮಾಸದಲ್ಲಂತೂ ಅವ್ವ ಒಂದು ನಿಮಿಷವನ್ನೂ ಬಿಡುವವಳಲ್ಲ. ಹಾಗಾಗಿ ಬೆಳಿಗ್ಗೆಯೇ ಎರಡು ಡಬ್ಬಿ ಕಟ್ಟಿಕೊಡುತ್ತಿದ್ದಳು. ಮಳೆಗಾಲದಲ್ಲಿ ಸೂರ್ಯ ಕಾಣುವುದೇ ಇಲ್ಲ. ಬಸ್ಸು ಪೀರನವಾಡಿ ದಾಟುತ್ತಿದ್ದಂತೆ ಕಾಕಾ ಗಡಿಯಾರ ನೋಡಿ, “ಬಾಯಾರ, ಹೊತ್ತ ಮುಳಗಾಕ ಬಂತು, ಊಟ ಮುಗಸ್ರಿ” ಎನ್ನುತ್ತಿದ್ದರು. ಅವರದು ಕುರಿ ಕಾಯುವ ಮನೆತನ, ನಮ್ಮದು ಈರುಳ್ಳಿಯನ್ನೂ ಮುಟ್ಟದ ಮನೆ. ಆದರೂ ನನ್ನ ಊಟದ ಹೊತ್ತು ನನಗಿಂತ ಅವರಿಗೆ ಹೆಚ್ಚು ನೆನಪಿರುತ್ತಿತ್ತು.

ಭಟ್ಟಿಯ ಹತ್ತಿರ ಅವರದೊಂದು ಪದ್ಧತಿ ಇತ್ತು. ಒಂದು ಸಲ ಭಟ್ಟಿ ತುಂಬಿಸಿ ಕರಗಿಸುವುದಕ್ಕೆ ಒಂದು ಹೀಟ್ ಎನ್ನುತ್ತಾರೆ. ಕಬ್ಬಿಣ ಕರಗಿದಾಗ ಹೊಲಸು ಮೇಲೆ ತೇಲುತ್ತದೆ. ಹಾಲಿನ ಕೆನೆ ತೆಗೆದಂತೆ ಆ ಕಿಟ್ಟವನ್ನು ತೆಗೆದು ಘಮೇಲಾದಲ್ಲಿ, ಅಂದರೆ ಮಣ್ಣು ಹೊರುವ ಕಬ್ಬಿಣದ ಬುಟ್ಟಿಯಲ್ಲಿ, ಹಾಕಿ ಹೊರಗೆ ಸುರಿಯಬೇಕು. ಕಾಕಾ ಒಂದೊಂದು ಘಮೇಲಾ ಸುರಿದಾಗಲೂ ಹಿಂದಿನ ಗೋಡೆಯ ಮೇಲೆ ಸೀಮೆಸುಣ್ಣದಿಂದ ಒಂದು ಗೀಟು ಎಳೆಯುತ್ತಿದ್ದರು. ಹೀಟಿಗೊಂದು ಸಾಲು, ಸಾಲಿಗೆ ಎರಡು ಗೀಟು, ಅಪರೂಪಕ್ಕೆ ಮೂರು. ಇದನ್ನು ಯಾರೂ ಅವರಿಗೆ ಹೇಳಿರಲಿಲ್ಲ, ಯಾರೂ ಕೇಳುತ್ತಲೂ ಇರಲಿಲ್ಲ. ಏಕೆ ಬರೆಯುತ್ತೀರಿ ಎಂದು ನಾನೊಮ್ಮೆ ಕೇಳಿದ್ದಕ್ಕೆ, “ಭಟ್ಟಿ ಏನ ಉಣ್ತೈತಿ ನನಗ ಗೊತ್ತಿಲ್ರಿ, ಏನ ಉಗಳ್ತೈತಿ ಅದು ಗೊತ್ತಿರಬೇಕಲ್ಲ” ಎಂದಿದ್ದರು. ನಾನು ನಕ್ಕುಬಿಟ್ಟಿದ್ದೆ.

ಆ ಬೇಸಿಗೆಯಲ್ಲಿ ಬೋರಿಂಗ್ ಸೋವಿಯಾಗಿ ಸಿಕ್ಕಿತ್ತು. ಎರಡು ಲಾರಿ ಕೊಂಡರು. ಕಾರ್ಖಾನೆಯಲ್ಲಿ ಜಾಗ ಇಲ್ಲ. ನಮ್ಮ ಮ್ಯಾನೇಜರ್ ಸಾಹೇಬರು ಖಾನಾಪುರದಲ್ಲಿ ಒಂದು ಶೆಡ್ ಹುಡುಕಿದರು. ಇಂಥ ಜಾಗ ಹುಡುಕಿದ್ದಕ್ಕೆ ಮಾಲಕರಿಂದ ಶಹಬ್ಬಾಸ್ ಅನ್ನಿಸಿಕೊಂಡರು ಕೂಡ. ತಗಡು ಮೂರು ಕಡೆ ತೂತು ಬಿದ್ದಿತ್ತು. ಬೆಳಗಾವಿಯ ಮಳೆಯ ಅಂದಾಜಿನಲ್ಲಿ ಖಾನಾಪುರದ ಮಳೆಯನ್ನು ಅಳೆಯುವವರು ಮಾಡುವ ತಪ್ಪು ಅದು. ಕಣಕುಂಬಿಯ ಕಾಡಿನ ಕಡೆಯಿಂದ ಮೋಡ ಎದ್ದರೆ ನಮ್ಮೂರಿನಲ್ಲಿ ಅರಿವೆ ಒಣಗಲು ವಾರ ಬೇಕು. ಗೋಡೆಗೆ ಹೊಡೆದ ಮೊಳೆಗಳೆಲ್ಲ ಕೆಂಪು ನೀರು ಸುರಿಸುತ್ತವೆ. ಇದು ನನಗೆ ಹುಟ್ಟಿದಾಗಿನಿಂದ ಗೊತ್ತು. ಆದರೂ ಬಾಯಿ ಬಿಡಲಿಲ್ಲ. ಹೊಸಬಳು, ಶೆಡ್ಡಿನ ವಿಷಯ ನನಗೇಕೆ ಅಂದುಕೊಂಡೆ.

ಮಳೆ ನಿಂತ ಮೇಲೆ ಮೊದಲನೇ ಲಾರಿಯ ಮಾಲನ್ನು ಅಂಗಳದಲ್ಲಿ ಹರಡಿ ನಾಲ್ಕು ದಿನ ಕಡು ಬಿಸಿಲಿಗೆ ಒಣಗಿಸಿದರು. ನೀರು ಹೊರುವುದಕ್ಕೆ ಲಾರಿ ಬಾಡಿಗೆ ಕೊಡುವುದಿಲ್ಲ ಎಂದು ಮಾಲಕರು ಹೇಳಿದ್ದರು. ಒಣಗಿದ ಮಾಲನ್ನು ತೂಗಿಸಿ ಚೀಟಿ ತರುವ ಕೆಲಸ ನನ್ನದು. ಆ ಲಾರಿಯಿಂದ ಬೇಸಿಗೆಯಲ್ಲಿ ಇಟ್ಟದ್ದು ಐದು ಟನ್. ಚೀಟಿಯಲ್ಲಿ ಬಂದದ್ದು ಐದು ಟನ್ ಇನ್ನೂರ ನಲವತ್ತು ಕೆಜಿ.

ನಾನು ಚೀಟಿ ಹಿಡಿದು ಫೌಂಡ್ರಿಯ ಗೇಟಿನಿಂದಲೇ ಕೂಗುತ್ತ ಬಂದೆ. ಖಾನಾಪುರದ ಮಳೆಗೆ ಭತ್ತವಷ್ಟೇ ಅಲ್ಲ, ಕಬ್ಬಿಣವೂ ಬೆಳೆಯುತ್ತದೆ ಎಂದು ಒಬ್ಬರು ಚೇಷ್ಟೆ ಮಾಡಿದರು. ಮ್ಯಾನೇಜರ್ ಪೇಢೆ ತರಿಸಿದರು. ಬೇಸಿಗೆಯಲ್ಲಿ ತೂಗಿದ ಕಾಟಾ ಬೇರೆ, ಅದೇ ತಪ್ಪು ತೋರಿಸಿರಬೇಕು ಎಂದು ಎಲ್ಲರೂ ತೀರ್ಮಾನಿಸಿಬಿಟ್ಟೆವು.

ಯಲ್ಲಪ್ಪ ಕಾಕಾ ಮಾತ್ರ ಪೇಢೆ ಕೈಯಲ್ಲಿ ಹಿಡಿದುಕೊಂಡೇ ಲಾರಿಯ ಹತ್ತಿರ ಹೋಗಿ ಒಂದು ಹಿಡಿ ಬೋರಿಂಗ್ ತೆಗೆದು ಉಜ್ಜಿದರು. ಅಂಗೈ ಕೆಂಪಾಯಿತು.

“ಬಾಯಾರ, ತೂಕ ಹೆಚ್ಚಾಗೇತಿ ಅಂದ್ರ ಕಬ್ಬಿಣ ಕಡಿಮಿ ಆಗೇತಿ ನೋಡ್ರಿ.”

“ಅದ್ಹೆಂಗ ಆಗತೈತ್ರಿ ಕಾಕಾ? ಹೆಚ್ಚಾಗೂದಂದ್ರ ಹೆಚ್ಚಾಗೂದ!” ಎಂದು ನಾನು ನಕ್ಕೆ. ಬಿ.ಎಸ್ಸಿ. ಕಲಿತವಳು, ಆರನೇ ತರಗತಿಗೆ ಸಾಲಿ ಬಿಟ್ಟ ಮನುಷ್ಯನಿಗೆ ಗಣಿತ ಹೇಳಿಕೊಟ್ಟೆ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಒಳಗೆ ಹೋಗಿ ಅಂದಾಜು ಬರೆದೆ. ಮಾಮೂಲಿಯಾಗಿ ನೂರಕ್ಕೆ ಐದು ಪಾಲು ಕಿಟ್ಟದಲ್ಲಿ ಹೋಗುತ್ತದೆ. ಐದು ಸಾವಿರದ ಇನ್ನೂರ ನಲವತ್ತರಲ್ಲಿ ಅದನ್ನು ಕಳೆದು, ನಾಲ್ಕು ಸಾವಿರದ ಒಂಬೈನೂರ ಎಪ್ಪತ್ತೆಂಟು ಕೆಜಿ ಕಬ್ಬಿಣ ಬರಬೇಕು ಎಂದು ದುಂಡಗೆ ಬರೆದು ಕೆಳಗೆ ಸಹಿ ಹಾಕಿದೆ. ಅದು ನಾನು ಆ ಫೌಂಡ್ರಿಯಲ್ಲಿ ಒಬ್ಬಳೇ ಸಹಿ ಮಾಡಿದ ಮೊದಲ ಕಾಗದ.

ಹನ್ನೊಂದು ಹೀಟುಗಳಲ್ಲಿ ಆ ಲಾರಿ ಕರಗಿತು. ಎರಕವಾದದ್ದನ್ನೆಲ್ಲ ತೂಗಿದರು. ನಾಲ್ಕು ಸಾವಿರದ ಇನ್ನೂರ ಹದಿನೆಂಟು. ನನ್ನ ಕಾಗದಕ್ಕಿಂತ ಏಳುನೂರ ಅರವತ್ತು ಕೆಜಿ ಕಡಿಮೆ.

ಮರುದಿನ ಬೆಳಿಗ್ಗೆ ಪಾಳಿ ಶುರುವಾಗುವ ಹೊತ್ತು. ಗೇಟಿನಲ್ಲಿ ನಲವತ್ತು ಜನ ಒಳಗೆ ಹೋಗುತ್ತಿದ್ದರು. ನಾನೂ ಕಾಕಾನೂ ಬಸ್ಸಿಳಿದು ಬಂದೆವು. ಮ್ಯಾನೇಜರ್ ಅಡ್ಡ ನಿಂತಿದ್ದರು. ಅವರ ಕೈಯಲ್ಲಿ ನನ್ನ ಕಾಗದ.

“ಏಳನೂರ ಅರವತ್ತ ಕೆಜಿ ಕಬ್ಬಿಣ ಎಲ್ಲಿ ಹೋತೋ ಯಲ್ಲಪ್ಪ? ಹಕ್ಕಿ ಆಗಿ ಹಾರಿ ಹೋತೇನ? ಭಟ್ಟಿ ಮುಂದ ನಿಂದರಾಂವ ನೀನು. ಹೊರಗ ಹೋಗೂ ಉಸುಕಿನ ಗಾಡ್ಯಾಗ ಹಾಕಿ ಕಳಿಸೀದಿ ಏನ? ಕಳ್ಳ!”

ಒಳಗೆ ಹೋಗುತ್ತಿದ್ದವರೆಲ್ಲ ಅಲ್ಲೇ ನಿಂತರು. ಕಾಕಾ ಒಮ್ಮೆ ನನ್ನ ಕಡೆ ನೋಡಿದರು. ಆಗ ನಾನು ಬಾಯಿ ತೆರೆಯಬೇಕಿತ್ತು. ತೆರೆಯಲಿಲ್ಲ. ಆ ಕಾಗದದ ಕೆಳಗೆ ನನ್ನ ಸಹಿ ಇತ್ತು, ನನ್ನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಹೆದರಿದೆ, ಅಷ್ಟೇ. ಕಾಕಾ ನನ್ನಿಂದ ಮುಖ ತಿರುಗಿಸಿಕೊಂಡು ಒಳಗೆ ಹೋದರು.

ಅಂದಿನಿಂದ ಅವರ ಡಬ್ಬಿ ತಪಾಸಣೆ ಶುರುವಾಯಿತು. ವಿಚಾರಣೆ ಮುಗಿಯುವವರೆಗೆ ದಿನಾ ಹೋಗುವಾಗ ಗೇಟಿನಲ್ಲಿ ಬಿಚ್ಚಿ ತೋರಿಸಬೇಕು ಎಂದು ಮ್ಯಾನೇಜರ್ ಹೇಳಿದರು. ಏಳುನೂರ ಅರವತ್ತು ಕೆಜಿ ಕಬ್ಬಿಣವನ್ನು ಊಟದ ಡಬ್ಬಿಯಲ್ಲಿ ಹುಡುಕುವ ಬುದ್ಧಿಗೆ ಏನು ಹೇಳುವುದು? ಕಾಕಾ ಜಗಳವಾಡಲಿಲ್ಲ. ಮೊದಲ ಸಂಜೆ ತಾವೇ ವಾಚ್‌ಮನ್ ಮುಂದೆ ಹೋಗಿ, ಮುಚ್ಚಳ ತೆಗೆದು, ಡಬ್ಬಿಯನ್ನು ಅವನ ಮೂಗಿನ ಹತ್ತಿರ ಹಿಡಿದರು.

“ನೋಡ್ರಿ ಸಾಹೇಬ್ರ, ಇವತ್ತ ಎಷ್ಟ ಕ್ವಿಂಟಲ್ ಒಯ್ಯಾಕತ್ತೇನಿ, ಬರಕೋರಿ.”

ಒಳಗೆ ಉಳಿದದ್ದು ಅರ್ಧ ರೊಟ್ಟಿ ಮತ್ತು ಶೇಂಗಾ ಚಟ್ನಿ. ಜನ ನಕ್ಕರು. ಎರಡನೇ ದಿನ ಅದೇ ಮಾತು, ಅದೇ ದನಿ. ಮೂರನೇ ದಿನ ಯಾರೂ ನಗಲಿಲ್ಲ. ವಾಚ್‌ಮನ್ ತಲೆ ತಗ್ಗಿಸಿಕೊಂಡು, “ಹೋಗ್ರಿ ಕಾಕಾ, ಸಾಕು” ಅಂದ. ಕಾಕಾ ಹೋಗಲಿಲ್ಲ. “ಇಲ್ಲೊ, ನೋಡು. ಚಟ್ನಿ ಬುಡಕ ನೋಡು” ಎಂದು ನಿಂತೇ ಇದ್ದರು.

ಬಸ್ಸಿನಲ್ಲಿ ನನಗೆ ಟವೆಲ್ ಬೀಳುವುದು ನಿಂತುಹೋಯಿತು. ಅವರು ಹಿಂದಿನ ಸೀಟಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕುಳಿತಿರುತ್ತಿದ್ದರು. ನಾನು ಸರಳು ಹಿಡಿದು ನಿಂತು ಹೋಗುತ್ತಿದ್ದೆ. ಸಂಜೆಯ ಊಟದ ಹೊತ್ತನ್ನು ನನಗೆ ಯಾರೂ ನೆನಪು ಮಾಡಲಿಲ್ಲ. ಎರಡು ದಿನ ಡಬ್ಬಿ ಹಾಗೇ ಮನೆಗೆ ಹೋಯಿತು. ಹೊತ್ತು ಮುಳುಗಿತ್ತು, ಉಪವಾಸ ಮಲಗಿದೆ.

ನಾಲ್ಕನೇ ದಿನ ತಡೆಯಲಾರದೆ ಭಟ್ಟಿಯ ಹತ್ತಿರ ಹೋದೆ. “ಕಾಕಾ, ಖರೇ ಏನಾತು ಹೇಳ್ರಿ” ಎಂದೆ.

ಅವರು ಕೆಲಸ ನಿಲ್ಲಿಸಲಿಲ್ಲ. “ಗ್ವಾಡಿ ಓದಾಕ ಬರ್ತೈತೇನ್ರಿ ನಿಮಗ?” ಎಂದರು, ಅಷ್ಟೇ.

ಗೋಡೆ ನೋಡಿದೆ. ಹಳೆಯ ಸಾಲುಗಳಲ್ಲಿ ಎರಡೆರಡು ಗೀಟು. ಖಾನಾಪುರದ ಮಾಲು ಹಾಕಿದ ಹನ್ನೊಂದು ಸಾಲುಗಳಲ್ಲಿ ಏಳು, ಎಂಟು, ಎಂಟು, ಏಳು, ಎಂಟು. ಕಬ್ಬಿಣ ಎಲ್ಲಿಗೆ ಹೋಗಿದೆ ಎಂಬುದು ಅಷ್ಟೂ ದಿನ ಸೀಮೆಸುಣ್ಣದಲ್ಲಿ ಬರೆದುಕೊಂಡು ನನ್ನ ಲ್ಯಾಬಿನಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿತ್ತು.

ಆಗ ನೆನಪಾದದ್ದು ಖಾನಾಪುರದ ನಮ್ಮ ಸಾಲಿಯ ವಿಜ್ಞಾನದ ಸರ್. ಅವರ ಮನೆಮಾತು ಮರಾಠಿ, ಕಲಿಸುವುದು ಕನ್ನಡದಲ್ಲಿ, ಸಿಟ್ಟು ಎರಡರಲ್ಲೂ. ಸಮೀಕರಣ ಸರಿದೂಗಿಸುವುದನ್ನು ಹೇಳಿಕೊಡುವಾಗ ಬಾಣದ ಈಚೆ ಏನೇನು ಎಷ್ಟಿದೆಯೋ ಆಚೆಯೂ ಅಷ್ಟೇ ಇರಬೇಕು, ಒಂದು ಪರಮಾಣು ಹೆಚ್ಚಿದ್ದರೂ ಕೇಳಬೇಕು, ಕಡಿಮೆಯಿದ್ದರೂ ಕೇಳಬೇಕು ಎನ್ನುತ್ತಿದ್ದರು. ನೀರಿನ ಸಮೀಕರಣ ಬರೆಯುವಾಗ ಒಮ್ಮೆ ನಾನು ಜಾಣತನ ಮಾಡಿದ್ದೆ. ಈಚೆ ಆಮ್ಲಜನಕ ಎರಡು, ಆಚೆ ಒಂದೇ. ಆಚೆಯ ಆಮ್ಲಜನಕದ ಕೆಳಗೆ ಸಣ್ಣದಾಗಿ ಎರಡು ಎಂದು ಬರೆದುಬಿಟ್ಟೆ, ಲೆಕ್ಕ ಕೂಡಿತು. ಸರ್ ನನ್ನ ಬೆರಳಿನ ಮೇಲೆ ಸ್ಕೇಲಿನಿಂದ ಹೊಡೆದರು. “ಇದನ್ನ ಕುಡೀತಿ ಏನ? ಇದು ನೀರಲ್ಲ, ಹೈಡ್ರೋಜನ್ ಪೆರಾಕ್ಸೈಡ್, ಗಾಯ ತೊಳಿಯೂ ಔಷಧ! ಮುಂದಿನ ಅಂಕಿ ಬೇಕಾದಷ್ಟ ಬದ್ಲಸು. ಕೆಳಗಿನ ಅಂಕಿಗೆ ಕೈ ಹಚ್ಚಬ್ಯಾಡ. ಅದಕ್ಕ ಕೈ ಹಚ್ಚಿದ್ರ ಪದಾರ್ಥನ ಬದ್ಲ ಆಗತೈತಿ.” ಆಮೇಲೆ ಮರಾಠಿಯಲ್ಲೂ ಒಂದು ಸಲ ಬೈದರು.

ಲ್ಯಾಬಿಗೆ ಓಡಿ ಕಾಗದ ತೆಗೆದೆ. ಹತ್ತನೇ ತರಗತಿಯ ಮಕ್ಕಳು ಬರೆಯುವ ಸಮೀಕರಣ. ನಾಲ್ಕು ಕಬ್ಬಿಣ, ಮೂರು ಆಮ್ಲಜನಕ, ಬಾಣ, ಎರಡು ತುಕ್ಕು. ತೂಕದಲ್ಲಿ ಹೇಳಿದರೆ, ನೂರಾ ಹನ್ನೆರಡು ಕೆಜಿ ಕಬ್ಬಿಣ ಗಾಳಿಯಿಂದ ನಲವತ್ತೆಂಟು ಕೆಜಿ ಆಮ್ಲಜನಕ ತೆಗೆದುಕೊಂಡು ನೂರಾ ಅರವತ್ತು ಕೆಜಿ ತುಕ್ಕಾಗುತ್ತದೆ. ನಮಗೆ ಹೆಚ್ಚಿಗೆ ಬಂದದ್ದು ಇನ್ನೂರ ನಲವತ್ತು ಕೆಜಿ. ನಲವತ್ತೆಂಟರ ಐದು ಪಟ್ಟು. ಹಾಗಾದರೆ ಐನೂರ ಅರವತ್ತು ಕೆಜಿ ಕಬ್ಬಿಣ ಶೆಡ್ಡಿನಲ್ಲೇ ಎಂಟುನೂರು ಕೆಜಿ ತುಕ್ಕಾಗಿ ಕುಳಿತಿತ್ತು. ಆ ತುಕ್ಕನ್ನೂ ಕಬ್ಬಿಣವೆಂದು ಹಿಡಿದು ನಾನು ಅಂದಾಜು ಬರೆದಿದ್ದೆ. ಭಟ್ಟಿಯಲ್ಲಿ ತುಕ್ಕು ಕಿಟ್ಟವಾಗಿ ಹೋಗುತ್ತದೆ. ಒಟ್ಟು ತೂಕದಲ್ಲಿ ಎಂಟುನೂರು ಕಳೆದು, ಉಳಿದದ್ದರಲ್ಲಿ ನೂರಕ್ಕೆ ಐದು ತೆಗೆದು ಮತ್ತೆ ಲೆಕ್ಕ ಹಾಕಿದೆ. ನಾಲ್ಕು ಸಾವಿರದ ಇನ್ನೂರ ಹದಿನೆಂಟು ಬಂತು.

ಕಾಟಾ ಚೀಟಿಯಲ್ಲಿ ಇನ್ನೂರ ನಲವತ್ತು ಕೆಜಿ ಹೆಚ್ಚಿಗೆ ಬಂದಾಗ ಎಲ್ಲಿಂದ ಬಂತು ಎಂದು ನಮ್ಮಲ್ಲಿ ಒಬ್ಬರೂ ಕೇಳಿರಲಿಲ್ಲ. ಹೆಚ್ಚಾದಾಗ ದೇವರು ಕೊಟ್ಟ, ಕಡಿಮೆಯಾದಾಗ ಯಲ್ಲಪ್ಪ ಕದ್ದ. ನಮ್ಮ ನ್ಯಾಯ ಅಷ್ಟೇ ಇತ್ತು.

ಕಾಗದ ತೆಗೆದುಕೊಂಡು ಮ್ಯಾನೇಜರ್ ಹತ್ತಿರ ಹೋದೆ. ಅವರು ಪೂರ್ತಿ ಓದಿದರು. ದಡ್ಡರಲ್ಲ, ಕೂಡಲೇ ತಿಳಿಯಿತು. ಶೆಡ್ ಹುಡುಕಿದ್ದು ತಾವೇ ಎನ್ನುವುದೂ ನೆನಪಾಗಿರಬೇಕು. ಎದ್ದು ಬಾಗಿಲು ಮುಂದೆ ಮಾಡಿದರು.

“ಕುಂದರ್ರಿ ಬಾಯಾರ. ನೀವೂ ಹೊಸಬರು. ಒಂದ ಕೆಲಸ ಮಾಡೂಣು. ಹಳೇ ಕಾಗದ ಹರದ ಒಗೀರಿ. ನೂರಕ್ಕ ಎಂಬತ್ತ ಬರ್ತೈತಿ ಅಂತ ಹೊಸಾದ ಬರೀರಿ. ಲೆಕ್ಕ ಕೂಡತೈತಿ. ಯಲ್ಲಪ್ಪನ ಕಡೆ ನಾ ರಾಜೀನಾಮೆ ತೊಗೋತೇನಿ. ಪೊಲೀಸ್ ಗಿಲೀಸ್ ಏನೂ ಬ್ಯಾಡ. ನಿಮ್ಮ ತಪ್ಪೂ ಹೊರಗ ಬರೂದಿಲ್ಲ.”

“ಅವರ ಯಾಕ್ರಿ ರಾಜೀನಾಮೆ ಕೊಡಬೇಕು?”

“ಮಂದಿ ಮುಂದ ಒಮ್ಮಿ ಅಂದ ಬಿಟ್ಟೇವಲ್ಲ. ಈಗ ಅಂವ ಇದ್ರ ನಮ್ಮ ಮಾತಿಗೆ ಏನ ಕಿಮ್ಮತ್ತು?”

ಆ ಕ್ಷಣಕ್ಕೆ ನನ್ನ ಬೆರಳಿನ ಗೆಣ್ಣು ಚುರುಗುಟ್ಟಿತು. ಲೆಕ್ಕ ಕೂಡಿಸಲು ಕೆಳಗಿನ ಅಂಕಿಗೆ ಕೈ ಹಾಕುವುದೆಂದರೆ ಇದೇ. ತೂಕ ಸರಿಹೋಗುತ್ತದೆ, ಯಲ್ಲಪ್ಪ ಯಲ್ಲಪ್ಪನಾಗಿ ಉಳಿಯುವುದಿಲ್ಲ. ಉದ್ಯಮಬಾಗಿನಲ್ಲಿ ಒಂದು ಗೇಟಿನಲ್ಲಿ ಕಳ್ಳ ಎನ್ನಿಸಿಕೊಂಡು ಹೊರಗೆ ಬಿದ್ದವನನ್ನು ಇನ್ನೊಂದು ಗೇಟು ಒಳಗೆ ಬಿಡುವುದಿಲ್ಲ.

“ನಾ ಬರಿಯೂದಿಲ್ರಿ” ಎಂದೆ.

“ನಿಮ್ಮ ನೌಕರಿ ಕಾಯಂ ಆಗೂದ ಇನ್ನಾ ಬಾಕಿ ಐತಿ.”

“ಗೊತ್ತೈತ್ರಿ. ತಪ್ಪ ನಂದು ಅಂತ ಮಾಲಕರಿಗೆ ನಾನ ಬರದ ಕೊಡ್ತೇನಿ. ನೀವ ಬೇಕಾದ್ರ ಅದನ್ನೂ ಹರದ ಒಗೀರಿ, ಮತ್ತೊಂದ ಬರೀತೇನಿ.” ಆಡಬೇಕಾದದ್ದನ್ನೆಲ್ಲ ಆಡಿಯೇ ಎದ್ದೆ.

ಮನೆಯಲ್ಲಿ ಅವ್ವನಿಗೆ ಎಲ್ಲ ಹೇಳಿದೆ. ಅವಳು ಹೆಸರುಬೇಳೆ ಆರಿಸುತ್ತಿದ್ದಳು. “ನಿನ್ನ ಊಟದ ಹೊತ್ತು ಕಾಯ್ದ ಮನಿಶ್ಯಾನ ಕಳ್ಳ ಅಂದ್ರಂತ, ನೀ ಸುಮ್ಮನ ನಿಂತಿದ್ದೆಂತ. ನೌಕರಿ ಹೋದ್ರ ಹೋಗ್ಲಿ, ಮೊದಲ ಅದನ್ನ ಸರಿ ಮಾಡು” ಎಂದಳು.

ಮಾಲಕರು ವಯಸ್ಸಾದವರು, ಮಾತು ಕಡಿಮೆ. ನನ್ನ ಪತ್ರ ಓದಿ, “ಕಾಗದದ ಮ್ಯಾಲ ಎಲ್ಲಾ ಕೂಡತೈತಿ. ಭಟ್ಟ್ಯಾಗ ತೋರ್ಸು” ಎಂದರು. ಎರಡನೇ ಲಾರಿಯ ಮಾಲು ಇನ್ನೂ ಶೆಡ್ಡಿನಲ್ಲೇ ಇತ್ತು. ಒಣಗಿಸಿ ಅರ್ಧ ಟನ್ ತರಿಸಿದೆ. ಅದರಲ್ಲಿ ಹತ್ತು ಕೆಜಿ ಬೇರೆ ತೆಗೆದು, ಗೋಣಿಚೀಲದ ಮೇಲೆ ಹಾಕಿ ಎಲ್ಲರೆದುರು ತಿಕ್ಕಿ ತಿಕ್ಕಿ ಜರಡಿ ಹಿಡಿದೆ. ಒಂದೂವರೆ ಕೆಜಿಯಷ್ಟು ಕೆಂಪು ಪುಡಿ ಬಂತು. ನನ್ನ ಅಂಗೈ ಎರಡು ದಿನ ಕೆಂಪಾಗಿಯೇ ಇತ್ತು. ಪುಡಿಯನ್ನು ಮತ್ತೆ ಚೂರಿನ ಜೊತೆಗೇ ಭಟ್ಟಿಗೆ ಹಾಕಿಸಿದೆ.

ಹೀಟ್ ನಡೆಸಿದ್ದು ಕಾಕಾ. ನನ್ನ ಜೊತೆ ಇನ್ನೂ ಮಾತಿಲ್ಲ. ಕಿಟ್ಟ ತೆಗೆದು ತೆಗೆದು ಘಮೇಲಾಕ್ಕೆ ಹಾಕಿದರು, ಒಂದೊಂದಕ್ಕೂ ಗೀಟು ಎಳೆದರು. ಎಂಟು ಗೀಟು. ಕಬ್ಬಿಣ ಹೊಯ್ದಾಯಿತು, ಆರಿಸಿ ತೂಗಿದೆವು. ಕಬ್ಬಿಣ ನಾನೂರ ಎರಡು ಕೆಜಿ, ಕಿಟ್ಟ ತೊಂಬತ್ತಮೂರು. ಎರಡೂ ಸೇರಿ ನಾನೂರ ತೊಂಬತ್ತೈದು.

“ಐದು ಕೆಜಿ ಕಡಿಮಿ ಐತಿ” ಎಂದರು ಮ್ಯಾನೇಜರ್, ಸಿಕ್ಕಿಬಿತ್ತು ಎನ್ನುವ ಹಾಗೆ.

“ಹೌದ್ರಿ. ಒಂದಿಷ್ಟು ಹೊಗಿ ಆಗಿ ಹೋಗೇತಿ, ಒಂದಿಷ್ಟು ಭಟ್ಟಿ ಗ್ವಾಡಿಗೆ ಅಂಟೇತಿ. ಹೊಗಿ ತೂಗೂ ತಕ್ಕಡಿ ನನ್ನ ಕಡೆ ಇಲ್ಲ. ಇದ್ದಿದ್ರ ಅದನ್ನೂ ತೂಗಿ ತೋರಿಸ್ತಿದ್ದೆ” ಎಂದೆ. ನನಗೆ ಅಷ್ಟು ಧೈರ್ಯ ಎಲ್ಲಿಂದ ಬಂತೋ ಗೊತ್ತಿಲ್ಲ.

ಮಾಲಕರು ಗೋಡೆಯ ಹತ್ತಿರ ಹೋದರು. ಎಂಟು ಗೀಟು ಎಣಿಸಿದರು. ಮೇಲಿನ ಹನ್ನೊಂದು ಸಾಲುಗಳನ್ನೂ ಎಣಿಸಿದರು. ಭಟ್ಟಿಯ ಕಡೆ ತಿರುಗಿ, “ಸರಿ ಐತಿ. ಯಲ್ಲಪ್ಪ, ಇವತ್ತಿಂದ ಡಬ್ಬಿ ನೋಡೂದಿಲ್ಲ. ಮುಂದಿನ ಹೀಟ್ ಹಚ್ಚು” ಎಂದರು.

ನನ್ನ ಕೆಲಸ ಮುಗಿಯಿತು ಅಂದುಕೊಂಡೆ. ಕಾಕಾ ಕೈಗವಸು ಬಿಚ್ಚಿದರು. ಎದೆಗೆ ಕಟ್ಟಿದ್ದ ಚರ್ಮದ ಏಪ್ರನ್ ಬಿಚ್ಚಿ ಮಡಚಿ ಇಟ್ಟರು.

“ಮಾಲಕರ, ಕಬ್ಬಿಣದ ಲೆಕ್ಕ ಕೂಡಿತು. ನನಗ ಅಂದ ಮಾತು ಎಲ್ಲಿ ಹೋತ್ರಿ?”

ಮ್ಯಾನೇಜರ್ ಮುಂದೆ ಬಂದು, “ಬಾ, ಕ್ಯಾಬಿನ್‌ದಾಗ ಕುಂತು ಮಾತಾಡೂಣು” ಎಂದರು.

“ಕ್ಯಾಬಿನ್‌ದಾಗ ಅಂದಿದ್ರೇನ್ರಿ? ಗೇಟಿನ್ಯಾಗ ಅಂದಿದ್ರಿ.”

ಅಷ್ಟು ಹೇಳಿ ಕಾಕಾ ಗೇಟಿಗೆ ಹೋಗಿ ವಾಚ್‌ಮನ್‌ನ ಬೆಂಚಿನ ಮೇಲೆ ಕುಳಿತರು. ಮಧ್ಯಾಹ್ನದ ಹೊತ್ತು. ಡಬ್ಬಿ ತೆಗೆದು ಊಟಕ್ಕೆ ಕುಳಿತರು. ಒಳಗೆ ಎರಡನೇ ಭಟ್ಟಿಯಲ್ಲಿ ಮಾಲು ಕರಗಿ ಕುದಿಯುತ್ತಿತ್ತು. ಹೊಯ್ಯುವವರು ಬೇಕು. ಮ್ಯಾನೇಜರ್ ಇನ್ನೊಬ್ಬನನ್ನು ಕರೆದರು. “ನನ್ನ ಕೈ ಸುಟ್ಟೈತ್ರಿ” ಎಂದು ಅವನು ಎರಡೂ ಕೈಗಳನ್ನು ತೋರಿಸಿದ, ಎರಡೂ ಚೆನ್ನಾಗಿದ್ದವು. ಮತ್ತೊಬ್ಬನನ್ನು ಕರೆದರು. ಅವನದೂ ಕೈ ಸುಟ್ಟಿತ್ತು. ಒಬ್ಬೊಬ್ಬರಾಗಿ ಎಲ್ಲರೂ ಗೇಟಿನ ಕಡೆ ನಡೆದರು.

ನಾನೂ ಹೋದೆ. ಕಾಕಾನನ್ನು ಕಳ್ಳ ಎಂದ ಬೆಳಿಗ್ಗೆ ನಾನು ನಿಂತಿದ್ದ ಜಾಗದಲ್ಲೇ ಹೋಗಿ ನಿಂತೆ.

“ಎಲ್ಲಾರೂ ಕೇಳ್ರಿ” ಎಂದೆ. “ಲಾರಿ ಬಂದ ದಿನಾನ ಕಬ್ಬಿಣ ಕಡಿಮಿ ಆಗೇತಿ ಅಂತ ಕಾಕಾ ನನಗ ಹೇಳಿದ್ರು. ನಾ ನಕ್ಕೆ. ತಪ್ಪ ಲೆಕ್ಕ ಬರದಾಕಿ ನಾನು. ಅವತ್ತ ಇದ ಗೇಟಿನ್ಯಾಗ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡ ನಿಂತಾಕೀನೂ ನಾನು. ಯಲ್ಲಪ್ಪ ಕಾಕಾ ಏನೂ ಕದ್ದಿಲ್ಲ.”

‘ಗೊತ್ತಿದ್ದೂ’ ಎಂದದ್ದು ಪೂರ್ತಿ ನಿಜವಲ್ಲ. ಅವತ್ತು ಲೆಕ್ಕ ನನಗೆ ಗೊತ್ತಿರಲಿಲ್ಲ. ಆದರೆ ಮನುಷ್ಯ ಗೊತ್ತಿದ್ದ. ಅಷ್ಟು ಸಾಕಿತ್ತು.

ಕಾಕಾ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. ಮಾಲಕರು ಹಿಂದೆ ಬಂದು ನಿಂತಿದ್ದರು. ಮ್ಯಾನೇಜರ್ ಕಡೆ ತಿರುಗಿ, “ಹೇಳ್ರಿ” ಎಂದರು.

ಮ್ಯಾನೇಜರ್ ನೆಲ ನೋಡುತ್ತ ಏನೋ ಗೊಣಗಿದರು.

“ಜೋರಾಗಿ ಹೇಳ್ರಿ” ಎಂದರು ಕಾಕಾ. “ಅವತ್ತ ಜೋರಾಗೇ ಅಂದಿದ್ರಿ.”

“ಯಲ್ಲಪ್ಪ ಕಳ್ಳ ಅಲ್ಲ. ತಪ್ಪ ನಮ್ದು.” ಈ ಸಲ ರಸ್ತೆಯಾಚೆಯ ಚಹಾದ ಅಂಗಡಿಯವರಿಗೂ ಕೇಳಿಸಿತು.

ಕಾಕಾ ಡಬ್ಬಿ ಮುಚ್ಚಿ, ಕೈ ತೊಳೆದು, ಟವೆಲಿನಿಂದ ಒರೆಸಿಕೊಂಡರು. “ಈಗ ಕೂಡಿತು. ನಡೀರೋ, ಮಾಲು ಕುದಿಯಾಕತ್ತೈತಿ” ಎಂದು ಒಳಗೆ ಹೋದರು. ಸುಟ್ಟ ಕೈಗಳೆಲ್ಲ ಅವರ ಹಿಂದೆಯೇ ಓಡಿದವು.

ಮರುದಿನ ಬೆಳಿಗ್ಗೆ ಬಸ್ಸು ಹತ್ತಿದಾಗ ಸೀಟಿನ ಮೇಲೆ ಟವೆಲ್ ಇತ್ತು. ನಾನು ಕುಳಿತೆ. ವರ್ಷ ಮುಗಿದ ಮೇಲೆ ಫೌಂಡ್ರಿಯವರು ನನ್ನನ್ನು ಕಾಯಂ ಮಾಡಲಿಲ್ಲ. ಕಾರಣ ಬರೆದಿರಲಿಲ್ಲ, ನಾನು ಕೇಳಲೂ ಇಲ್ಲ. ಇನ್ನೊಂದು ಫೌಂಡ್ರಿಯಲ್ಲಿ ಕೆಲಸ ಸಿಕ್ಕಿತು. ಕಾಕಾ ಅದೇ ಭಟ್ಟಿಯ ಮುಂದೆ ಇನ್ನೂ ಏಳು ವರ್ಷ ನಿಂತು, ಮೊಣಕಾಲು ಸೋತ ಮೇಲೆ ನಂದಗಡಕ್ಕೆ ಹೋದರು. ಈಗಲೂ ಹಬ್ಬಕ್ಕೆ ಫೋನ್ ಮಾಡುತ್ತಾರೆ, ಊಟ ಆಯಿತೇ ಎಂದು ಕೇಳುತ್ತಾರೆ.

ಹೋದ ವಾರದ ಮಾತಿಗೆ ಬರುತ್ತೇನೆ. ಡ್ರೈವರ್ ಕೊಟ್ಟ ಚೀಟಿ ತೆಗೆದುಕೊಂಡೆ. ಒಂದು ಹಿಡಿ ಬೋರಿಂಗ್ ಉಜ್ಜಿ ನೋಡಿದೆ, ಅಂಗೈ ಕೆಂಪಾಯಿತು. ಚೀಟಿಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದೆ: ‘ತೂಕ ಹೆಚ್ಚಾಗಿದೆ. ಆದ್ದರಿಂದ ಕಬ್ಬಿಣ ಕಡಿಮೆಯಾಗಿದೆ. ಎಷ್ಟು ಎಂಬುದನ್ನು ಕರಗಿಸುವ ಮೊದಲೇ ಪರೀಕ್ಷಿಸಬೇಕು.’ ಕೆಳಗೆ ಸಹಿ ಹಾಕಿ, ಫೋಟೊ ತೆಗೆದು ಆಫೀಸಿಗೆ ಕಳಿಸಿದೆ.

ಹತ್ತು ನಿಮಿಷದಲ್ಲಿ ನಮ್ಮ ಈಗಿನ ಮ್ಯಾನೇಜರ್ ಫೋನ್ ಮಾಡಿದರು. ನನಗಿಂತ ಸಣ್ಣವರು, ಒಳ್ಳೆಯವರೇ.

“ಏನ್ರಿ ಮೇಡಂ, ಕಡಿಮಿ ಆಗಿದ್ರ ತಕರಾರ ಮಾಡೂದು. ಹೆಚ್ಚಾಗಿದ್ದಕ್ಕ ಯಾಕ್ರಿ?”

“ಹೆಚ್ಚಾದಾಗ ತಕರಾರ ಮಾಡ್ಲಿಲ್ಲಂದ್ರ” ಎಂದೆ, “ಕಡಿಮಿ ಆದಾಗ ಯಾರದರ ಡಬ್ಬಿ ತಗಸ್ತೀರಿ.”